ಅತ್ತೆಯ ವಯಸ್ಸು ಆರುನೂರ ಹದಿನೈದು

ಈ ಭಾನುವಾರ ಮುಗಿಯುವುದರೊಳಗೆ ತನ್ನ ಕಂಪ್ಯೂಟರಿನಲ್ಲಿ ಒಂದೇ ಒಂದು ಫೈಲೂ ದಿಕ್ಕಿಲ್ಲದೆ ಬಿದ್ದಿರಕೂಡದು ಎಂದು ಪ್ರಯೂನ್ ಘೋಷಿಸಿದಾಗ, ಹೆಂಡತಿ ರಚನೀ ಕರಿದ ಬಾಳೆಹಣ್ಣು ತಿನ್ನುತ್ತಿದ್ದಳು. ತಲೆ ಎತ್ತಲಿಲ್ಲ.

ಲಂಪಾಂಗ್ ಪಟ್ಟಣದಲ್ಲಿ ಅವರದು ಬ್ಯಾನರ್ ಅಂಗಡಿ. ಗಿರಾಕಿ ಹೆಸರು, ಹುಟ್ಟಿದ ವರ್ಷ ಹೇಳಿದರೆ ಸಾಕು, ಪ್ರಯೂನ್ ಬರೆದ ಪೈಥಾನ್ ಸ್ಕ್ರಿಪ್ಟುಗಳೇ ವಯಸ್ಸು ಲೆಕ್ಕ ಹಾಕಿ, ಅಕ್ಷರ ಜೋಡಿಸಿ ಪ್ರಿಂಟರಿಗೆ ಕಳಿಸುತ್ತಿದ್ದವು. ಆದರೆ ಅವು ಜಿರಲೆಗಳಂತೆ ಹೆಚ್ಚಿಬಿಟ್ಟಿದ್ದವು: ‘ಹೊಸದು’, ‘ಇನ್ನೂ ಹೊಸದು’, ‘ಇದೇ ಕೊನೆ’. ಒಂದಕ್ಕಂತೂ ಅವನೇ ‘ಮುಟ್ಟಬೇಡ’ ಎಂದು ಹೆಸರಿಟ್ಟಿದ್ದ.

ಅತ್ತೆ ಬುಪ್ಪಾ ಕಣ್ಣಿಗೆ ಇದು ಕೆಲಸವೇ ಅಲ್ಲ, ಕೂತಲ್ಲೇ ಬೆರಳಾಡಿಸುವ ಸೋಮಾರಿತನ. ಮದುವೆಯಾದಾಗಿನಿಂದ ಆಕೆಯ ಬಾಯಿಂದ ಅಳಿಯನಿಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಬರುವ ವಾರ ಆಕೆಗೆ ಎಪ್ಪತ್ತೆರಡು ತುಂಬುತ್ತಿತ್ತು. ಬೀದಿಯಗಲದ ಬ್ಯಾನರ್ ಕಟ್ಟಿ ಆ ಒಂದು ಮಾತನ್ನು ಹೊರಡಿಸದಿದ್ದರೆ ತನ್ನ ಹೆಸರು ಪ್ರಯೂನ್ ಅಲ್ಲ!

“ಚೆನ್ನಾಗೇ ನಡೀತಿದೆಯಲ್ಲ, ಯಾಕ್ರೀ ಕೆದಕ್ತೀರಿ?” ಎಂದಳು ರಚನೀ.

ಶಿಸ್ತು ಎಂದರೇನೆಂದು ಗೊತ್ತಿಲ್ಲದವರ ಜೊತೆ ಮಾತೇಕೆ? ಪ್ರಯೂನ್ ಎಲ್ಲ ಸ್ಕ್ರಿಪ್ಟುಗಳಿಗೂ ಬೇಕಾದ ಲೆಕ್ಕಗಳನ್ನು ಮಾಡ್ಯೂಲ್ ಎಂಬ ಒಂದೇ ಫೈಲಿಗೆ ತುಂಬಿದ. ಊರಿನವರು ಹೇಳುವುದು ಬುದ್ಧನ ವರ್ಷ, ಅವನ ಸ್ಕ್ರಿಪ್ಟುಗಳು ಲೆಕ್ಕ ಹಾಕುವುದು ಕ್ರಿಸ್ತನ ವರ್ಷದಲ್ಲಿ. ನಡುವೆ ಐನೂರ ನಲವತ್ತಮೂರು ಕಳೆಯಬೇಕು. ಹೊಸ ಮಾಡ್ಯೂಲ್ ವಿಧೇಯವಾಗಿ ಕಳೆಯಿತು. ‘ಮುಟ್ಟಬೇಡ’ದ ಹೊಟ್ಟೆಯಲ್ಲಿದ್ದ ಹಳೆಯ ಲೆಕ್ಕವೂ ಅಷ್ಟೇ ವಿಧೇಯವಾಗಿ ಮತ್ತೊಮ್ಮೆ ಕಳೆಯಿತು. ಇಷ್ಟು ಶಿಸ್ತಿದ್ದ ಮೇಲೆ ಪ್ರಿಂಟಾದ ಅತ್ತೆಯ ಬ್ಯಾನರನ್ನು ಓದಿ ನೋಡುವುದು ಅವಮಾನವೆಂದು ಪ್ರಯೂನ್ ಹಾಗೇ ಸುತ್ತಿಟ್ಟ.

ಹುಟ್ಟುಹಬ್ಬದ ಬೆಳಿಗ್ಗೆ ಭಿಕ್ಷುಗಳು, ನೆಂಟರು, ಇಡೀ ಓಣಿ ನೆರೆದಿದ್ದಾಗ ಬ್ಯಾನರ್ ಬಿಚ್ಚಿಕೊಂಡಿತು: “ಅಮ್ಮ ಬುಪ್ಪಾ ಅವರಿಗೆ ೬೧೫ನೆಯ ಹುಟ್ಟುಹಬ್ಬದ ಶುಭಾಶಯಗಳು.”

ಎರಡು ಸಲ ಕಳೆದದ್ದಕ್ಕೆ ಹುಟ್ಟಿದ ವರ್ಷ ಹಿಂದೆ ಸರಿದು, ಎಪ್ಪತ್ತೆರಡಕ್ಕೆ ಐನೂರ ನಲವತ್ತಮೂರು ಸೇರಿಕೊಂಡಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಪ್ರಯೂನನಿಗೆ. ಆದರೆ ಒಬ್ಬರೂ ನಗಲಿಲ್ಲ. ಎಲ್ಲರೂ ಭಕ್ತಿಯಿಂದ ಆ ಅಂಕಿಯ ಫೋಟೊ ತೆಗೆದುಕೊಳ್ಳುತ್ತಿದ್ದರು! ಮರುದಿನವೇ ಲಾಟರಿ ಡ್ರಾ. ಪುಣ್ಯದ ದಿನ, ಭಿಕ್ಷುಗಳ ಸಮ್ಮುಖದಲ್ಲಿ ತಾನಾಗಿ ಕಾಣಿಸಿಕೊಂಡ ಮೂರಂಕಿಯನ್ನು ಯಾರು ಬಿಡುತ್ತಾರೆ? ಊಟ ಮುಗಿದದ್ದೇ ಓಣಿಗೆ ಓಣಿಯೇ ಟಿಕೆಟ್ ಮಾರುವವಳ ಕಡೆ ಓಡಿತು. ಎಲ್ಲರಿಗಿಂತ ಮುಂದೆ ಅತ್ತೆ.

ಪ್ರಯೂನನಿಗೆ ಮೈಯೆಲ್ಲ ಉರಿಯಿತು. ಅದು ಶಕುನವಲ್ಲ, ತಪ್ಪು ಲೆಕ್ಕ ಎಂದು ಗಂಟಲು ಹರಿದುಕೊಂಡ. ಇಷ್ಟು ವರ್ಷ ಸರಿಯಾಗಿ ಅಚ್ಚಾದ ಬ್ಯಾನರುಗಳನ್ನು ಕತ್ತೆತ್ತಿ ನೋಡದವರು ತಪ್ಪಿಗೆ ಕೈಮುಗಿಯುತ್ತಾರೆಂದರೆ ಏನು ನ್ಯಾಯ? ಹಟಕ್ಕೆ ಬಿದ್ದು ತಾನೊಂದು ಟಿಕೆಟ್ಟೂ ಕೊಳ್ಳದೆ, ಒಳಗೆ ಹೋಗಿ ಕೋಡ್ ತಿದ್ದಿದ.

ಡ್ರಾದಲ್ಲಿ ಆರು ಒಂದು ಐದೇ ಬಂತು. ಇಡೀ ಓಣಿ ಗೆದ್ದಿತು, ಅವನೊಬ್ಬನನ್ನು ಬಿಟ್ಟು.

ಅಂದು ಸಂಜೆ ಅತ್ತೆ ಮೊದಲ ಬಾರಿಗೆ ಅವನ ಕಂಪ್ಯೂಟರಿನ ಪಕ್ಕ ಬಂದು ನಿಂತರು, ಕೈಯಲ್ಲಿ ಮಾವಿನಹಣ್ಣು, ಅಂಟಕ್ಕಿ ಅನ್ನದ ತಟ್ಟೆ.

“ಅಳಿಯಂದ್ರೇ, ನಿಮ್ಮಂಥ ಬುದ್ಧಿವಂತರು ಈ ಊರಲ್ಲೇ ಇಲ್ಲ ಬಿಡಿ. ಮುಂದಿನ ಡ್ರಾಗೂ ಒಂದು ನಂಬರ್ ತೆಗೀರಿ ನೋಡೋಣ.”

ಬಂದೇಬಿಟ್ಟಿತ್ತು ಆ ಮಾತು! ಪ್ರಯೂನನ ಎದೆ ಉಬ್ಬಿತು. “ಅತ್ತೆ, ಆ ತಪ್ಪನ್ನ ನಿನ್ನೇನೇ ಸರಿ ಮಾಡಿಬಿಟ್ಟೆ. ಇನ್ಮೇಲೆ ನಿಜವಾದ ವಯಸ್ಸೇ ಬರುತ್ತೆ.”

ಅತ್ತೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

“ಇಷ್ಟು ವರ್ಷಕ್ಕೆ ನೆಟ್ಟಗೆ ಒಂದು ಕೆಲಸ ಮಾಡಿದ್ದೆ. ಅದನ್ನೂ ಕೆಡಿಸಿಟ್ಟೆಯಲ್ಲೋ.”