ಯಲಹಂಕಕ್ಕೆ ಕೇಳುವ ದನಿ

ನಮ್ಮ ಸೋದರತ್ತೆಗೆ ಟೆಲಿಫೋನಿನ ಅಗತ್ಯವೇ ಇರಲಿಲ್ಲ. ಯಶವಂತಪುರದ ತಮ್ಮ ಮನೆ ಬಾಗಿಲಲ್ಲಿ ನಿಂತು ಮಾತಾಡಿದರೆ ಆರ್.ಟಿ. ನಗರದಲ್ಲಿದ್ದ ನಮಗೆ ಕೇಳಿಸುತ್ತಿತ್ತು. ನನ್ನ ನೆನಪು ದೊಡ್ಡದು ಮಾಡುತ್ತಿರಬಹುದು. ಆದರೆ ಅತ್ತೆಯ ವಿಷಯದಲ್ಲಿ ನೆನಪಿಗೆ ಆ ಶ್ರಮವೇ ಬೀಳುವುದಿಲ್ಲ.

ಅಂಥವರ ಮನೆಯಲ್ಲೇ ಬೀದಿಗೆಲ್ಲ ಇದ್ದೊಂದು ಫೋನು. ಮಾವ ಟೆಲಿಫೋನ್ ಇಲಾಖೆಯಲ್ಲಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಮಹಿಳಾ ಸಮಾಜದವರು ಒಂದು ಕರಪತ್ರ ಹಂಚಿದರು. ಕ್ಯಾನ್ಸರ್ ಬಗ್ಗೆ ಭಯವಿರುವವರು ಬೆಳಗಿನ ಹೊತ್ತು ಫೋನ್ ಮಾಡಿ ಗುಟ್ಟಾಗಿ ವಿಚಾರಿಸಬಹುದು, ಆಸ್ಪತ್ರೆಯಲ್ಲಿ ತಪಾಸಣೆಗೆ ದಿನ ಗೊತ್ತುಮಾಡಿ ಕೊಡಲಾಗುವುದು ಎಂದು ಅದರಲ್ಲಿತ್ತು. ಕೆಳಗೆ ಅತ್ತೆಯ ನಂಬರು. ಗುಟ್ಟಾಗಿ!

ಅತ್ತೆ ಫೋನ್ ಬಳಸಲು ಕಲಿತದ್ದು ಪರವೂರಿನ ಟ್ರಂಕ್ ಕಾಲ್‌ಗಳ ಮೇಲೆ. ದೂರ ಹೆಚ್ಚಿದಂತೆ ದನಿ ಏರಬೇಕೆಂಬುದು ಅವರ ನಂಬಿಕೆ. ಹೆಬ್ಬಾಳಕ್ಕೆ ಒಂದು ದನಿ, ಯಲಹಂಕಕ್ಕೆ ಇನ್ನೊಂದು. ಬಾಗಲೂರಿನಿಂದ ಯಾರಾದರೂ ಕರೆದರೆ ಪಕ್ಕದ ಮಾರುಕಟ್ಟೆಯ ಹಮಾಲರು ಈರುಳ್ಳಿ ಮೂಟೆ ಇಳಿಸಿ ಕಿವಿ ಕೊಡುತ್ತಿದ್ದರು.

"ಯಾರ ಮನೆಯವರಮ್ಮ? ಹಾಲಿನ ಬೂತ್ ಎದುರಾ? ಹಾಗಾದ್ರೆ ಪೋಸ್ಟ್‌ಮಾಸ್ಟರ್ ಸೊಸೆ ಇರ್ಬೇಕು. ಎಷ್ಟು ದಿನದಿಂದ ರಕ್ತ ಹೋಗ್ತಿದೆ? ನಿಮ್ಮತ್ತೆಗೆ ಹೇಳಿಲ್ವಾ? ಹೇಳ್ಬೇಡಿ, ಯಾರಿಗೂ ಗೊತ್ತಾಗೋದು ಬೇಡ."

ಸಂಜೆಯೊಳಗೆ ಆ ಸೊಸೆಯನ್ನು ತರಕಾರಿಯವಳೂ ವಿಚಾರಿಸಿಕೊಂಡಿರುತ್ತಿದ್ದಳು. ಇಷ್ಟು ಜನ ಕೇಳುತ್ತಿರುವಾಗ ಆಸ್ಪತ್ರೆಗೆ ಹೋಗದೆ ಇರುವುದು ಹೇಗೆ? ಅತ್ತೆಗೆ ಫೋನ್ ಮಾಡಿದವರಲ್ಲಿ ತಪಾಸಣೆ ತಪ್ಪಿಸಿಕೊಂಡವರು ಬಹಳ ಕಡಿಮೆ. ಇದನ್ನು ಸೇವೆ ಎನ್ನಬೇಕೋ ದಬ್ಬಾಳಿಕೆ ಎನ್ನಬೇಕೋ ನನಗೆ ಈಗಲೂ ತಿಳಿದಿಲ್ಲ.

ಫೋನ್ ಮಾಡದವರಿಗೂ ಬಿಡುಗಡೆಯಿರಲಿಲ್ಲ. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಎಲೆಯಡಿಕೆ ತಟ್ಟೆಯ ಪಕ್ಕ ಟಾರ್ಚ್ ಹಿಡಿದು ಕೂರುತ್ತಿದ್ದರು. ಯಾರಾದರೂ ಹೊಗೆಸೊಪ್ಪಿಗೆ ಕೈ ಹಾಕಿದರೆ, "ಬಾಯಿ ತೆಗೀರಿ, ನೋಡೋಣ."

ಒಮ್ಮೆ ಹಾಗೆ ಬಾಯಿ ತೆಗೆದವರು ವರನ ತಂದೆ. ಅವರ ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು ಅತ್ತೆ ಹೆಣ್ಣಿನ ಕಡೆಯವರನ್ನೆಲ್ಲ ಕರೆದು ತೋರಿಸಿದರು. ಬೀಗರು ಕೆಂಡವಾದರು. ಮುಂದಿನ ವಾರ ಕಳ್ಳನ ಹಾಗೆ ಆಸ್ಪತ್ರೆಗೆ ಹೋಗಿಬಂದರು, ಹೊಗೆಸೊಪ್ಪು ಬಿಟ್ಟರು, ಅತ್ತೆಯನ್ನು ಮಾತ್ರ ಕ್ಷಮಿಸಲಿಲ್ಲ.

ನಮ್ಮ ಮನೆಗೆ ಬಿಸಿ ತಟ್ಟಿದ್ದು ಅತ್ತೆ ಇಟ್ಟುಕೊಂಡ ಅರಿಶಿನ ಕುಂಕುಮದ ದಿನ. ರೇಷ್ಮೆ ಸೀರೆಯುಟ್ಟು ಬಂದ ಹೆಂಗಸರಿಗೆಲ್ಲ ತೆಂಗಿನಕಾಯಿ, ರವಿಕೆ ಕಣ, ಜೊತೆಗೆ ತಪಾಸಣೆಯ ದಿನ ಬರೆದ ಚೀಟಿ! ನಮ್ಮ ಮೇಲ್ಮನೆಯ ಧಾರವಾಡದಾಕೆ ನಕ್ಕುಬಿಟ್ಟರು. "ಅಕ್ಕಾರ, ಕಾಯಿ ನನಗ ಕೊಡ್ರಿ, ಚೀಟಿ ನೀವ ಇಟ್ಕೊಳ್ರಿ."

ಎಲ್ಲರೂ ನಗುತ್ತಿರುವಾಗ ಅತ್ತೆ ನನ್ನ ತಾಯಿಯ ಕಡೆ ತಿರುಗಿ, "ಅತ್ತಿಗೆ, ನೀವಂತೂ ಮೊದಲು ಹೋಗಿ. ಎದೇಲಿ ಗಂಟಿದೆಯಂತಲ್ಲ, ಅಣ್ಣ ಹೇಳಿದ" ಎಂದರು.

ಯಲಹಂಕದ ದನಿಯಲ್ಲಿ.

ಅಮ್ಮ ಕಾಯಿಯನ್ನೂ ಚೀಟಿಯನ್ನೂ ಅಲ್ಲೇ ಇಟ್ಟು ಎದ್ದು ಬಂದರು. ಅಪ್ಪನ ಜೊತೆ ಮಾತು ಬಿಟ್ಟರು. "ಗಂಟು ಬೆಳೆದು ನಾನು ಸತ್ರೂ ಸರಿ, ಅವಳ ಕೈಲಿ ಚೀಟಿ ತಗೊಂಡು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ" ಎಂದರು. ನಾನು ಆಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ವಾದ ಮಾಡಿ ಒಪ್ಪಿಸಬಲ್ಲೆ ಎಂದುಕೊಂಡಿದ್ದೆ. ಅಮ್ಮ ನನ್ನ ವಾದವನ್ನೆಲ್ಲ ಕೇಳಿ, "ಸಾರಿಗೆ ಉಪ್ಪು ಸರಿಯಿದೆಯಾ?" ಎನ್ನುತ್ತಿದ್ದರು. ತಿಂಗಳು ಕಳೆಯಿತು. ಗಂಟು ಹಾಗೇ ಇತ್ತು.

ಅತ್ತೆಗೆ ಬುದ್ಧಿ ಹೇಳಲೆಂದು ಒಂದು ಬೆಳಗ್ಗೆ ಯಶವಂತಪುರಕ್ಕೆ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಅತ್ತೆಯ ರಿಸೀವರ್ ಕೂಡ ಅತ್ತೆಯಂತೆಯೇ. ಅದರಲ್ಲಿ ಆಡಿದ್ದು ಕೋಣೆಗೆಲ್ಲ ಕೇಳುತ್ತಿತ್ತು.

"ನಮಸ್ಕಾರ್ರೀ ಅಕ್ಕಾರ. ನಾ ಬಾಗಲಗುಂಟಿಂದ ಮಾತಾಡಾಕತ್ತೀನ್ರಿ. ನನಗೊಂದು ಗಂಟಾಗೇತ್ರಿ."

ಹೆಂಗಸಿನ ದನಿಯ ಹಿಂದೆ ಕಾಫಿ ಬೀಜ ಅರೆಯುವ ಯಂತ್ರದ ಸದ್ದು. ಆ ಯಂತ್ರ ನಮ್ಮ ಮನೆಯ ಕೆಳಗಿನ ಅಂಗಡಿಯದು. ಅದರ ಗೊರಗೊರ ಕೇಳುತ್ತಲೇ ನಾನು ಎಂ.ಎ. ಓದಿದ್ದೆ. ಮೈಸೂರಿನ ನಮ್ಮ ಅಮ್ಮ ಮೇಲ್ಮನೆಯಾಕೆಯ ಮಾತನ್ನು ಸಾಲ ತಂದು ಮಾತಾಡುತ್ತಿದ್ದರು.

ಇನ್ನೇನು "ಯಾರ ಮನೆಯವರಮ್ಮ?" ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಹೇಳಿ ತಾಯಿ," ಎಂದರು ಅತ್ತೆ. ಇಷ್ಟು ಸಣ್ಣ ದನಿ ಅವರಲ್ಲಿತ್ತೆಂದು ಮಾವನಿಗೂ ಗೊತ್ತಿದ್ದಿರಲಾರದು. "ಹೆಸರು ಬೇಡ. ಬುಧವಾರ ಬನ್ನಿ. ಬಾಗಿಲ ಹತ್ತಿರ ನರ್ಸಮ್ಮ ಇರ್ತಾರೆ, ನಾನು ಹೇಳಿರ್ತೀನಿ. ಗಂಟೆಲ್ಲ ಕೆಟ್ಟದ್ದಾಗಿರಲ್ಲ ತಾಯಿ. ಆದ್ರೂ ತೋರಿಸಿಬಿಡಿ."

ಫೋನಿಟ್ಟು ನನ್ನತ್ತ ತಿರುಗಿದರು. "ಬುಧವಾರ ಕಾಲೇಜಿಗೆ ರಜ ಹಾಕೋ."

"ಯಾಕತ್ತೆ?"

"ಹಾಕು ಅಂದ್ರೆ ಹಾಕು. ಕಾಫಿ ಕುಡೀತೀಯಾ?"

ಬುಧವಾರ ಬಸ್ಸಿನಲ್ಲಿ ಅಮ್ಮ, "ಫೋನಿನಲ್ಲಿ ಯಾರೋ ಒಬ್ಬರು ಮಾತಾಡಿದ್ರು. ಎಷ್ಟು ಮರ್ಯಾದಸ್ಥರು! ನಿಮ್ಮತ್ತೆ ಅವರನ್ನ ನೋಡಿ ಕಲೀಬೇಕು" ಎಂದರು. ಸಮಾಜದ ಬೇರೆ ಯಾರೋ ಎತ್ತಿದರೆಂದು ನಿಜವಾಗಿ ನಂಬಿದ್ದರೇ? ಮುಖ ನೋಡಿದೆ, ತಿಳಿಯಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ಕಂಬ. ಕಂಬದ ಎರಡೂ ಪಕ್ಕದಲ್ಲಿ ಅತ್ತೆ. ಅವರ ಗಾತ್ರಕ್ಕೆ ಅಂಥ ಕಂಬಗಳು ಮೂರಾದರೂ ಬೇಕಿತ್ತು. ತಲೆ ಮೇಲೆ ಸೆರಗೆಳೆದುಕೊಂಡು, ತಾವು ಯಾರಿಗೂ ಕಾಣುತ್ತಿಲ್ಲವೆಂಬ ಭರವಸೆಯಿಂದ ಗೋಡೆ ನೋಡುತ್ತ ಕೂತಿದ್ದರು. ಫಲಿತಾಂಶದ ದಿನವೂ ಅಲ್ಲೇ, ಹಾಗೇ. ಎರಡು ದಿನವೂ ಒಂದೇ ಒಂದು ಮಾತಿಲ್ಲ.

ಡಾಕ್ಟರು, "ಹೆದರೋದು ಏನಿಲ್ಲ, ಬರೀ ಗಂಟು" ಎಂದರು. ಅಮ್ಮ ಹೊರಗೆ ಬಂದರು. ನೇರವಾಗಿ ಕಂಬದ ಹತ್ತಿರ ನಡೆದು, ಆ ಸೆರಗಿನ ಕಡೆ ಬಾಗಿದರು.

"ಏಳ್ರಿ ಅಕ್ಕಾರ. ಬಸ್ಸಿಗೆ ಹೊತ್ತಾತು."

ಸೆರಗಿನೊಳಗಿಂದ, ಪಕ್ಕದಲ್ಲಿದ್ದ ನನಗೂ ಕೇಳಿತೋ ಇಲ್ಲವೋ ಎನ್ನುವಂಥ ದನಿ ಬಂತು.

"ಬಂದೆ ತಾಯಿ."