ಸಂಡಿಗೆಗೆ ಬಿಸಿಲು ಕೊಡದ ಕೌನ್ಸಿಲ್

ನೋಡಿ, ಮತ್ತೆ ಕರೆದರು. ಎರಡು ಸಾಲು ಬರೆಯೋಣ ಅಂತ ಕೂತರೆ ಸಾಕು, ಬಾಲ್ಕನಿಯಿಂದ ಅತ್ತೆಯ ಕೂಗು: "ಬಾರೇ ಇಲ್ಲಿ, ಅದ್ಯಾವುದೋ ಗಾಡಿ ಬಂತು." ಬ್ರಿಸ್ಬೇನಿಗೆ ಬಂದಾಗಿನಿಂದ ಅವರಿಗೆ ಒಂದೇ ಕುತೂಹಲ. ಕಸ, ಮರ, ರಸ್ತೆ ಎಲ್ಲಾ ನೋಡಿಕೊಳ್ಳುವ ಈ ಕೌನ್ಸಿಲ್‌ನೋರು ಕಣ್ಣಿಗೆ ಯಾಕೆ ಬೀಳಲ್ಲ? ಈ ಕುತೂಹಲ ತೀರುವವರೆಗೆ ನಮ್ಮನೆಯಲ್ಲಿ ಪ್ರಸಂಗಗಳಿಗೆ ಬರವಿಲ್ಲ.

ಕಸದ ಗಾಡಿ

ಮೊದಲ ವಾರ ಟೂವಾಂಗ್ ಬಡಾವಣೆಯ ನಮ್ಮ ಬೀದಿಗೆ ಕಸದ ಲಾರಿ ಬಂತು. ಕಬ್ಬಿಣದ ಕೈ ಚಾಚಿ ಡಬ್ಬ ಎತ್ತಿತು, ಸುರಿಯಿತು, ಇದ್ದಲ್ಲೇ ಇಟ್ಟು ಹೋಯಿತು. ಡ್ರೈವರ್ ಇಳಿಯಲೇ ಇಲ್ಲ. ಬೆಂಗಳೂರಿನಲ್ಲಿ ಕಸದವರ ಜೊತೆ ದಿನಾ ಜಗಳವಾಡಿ, ಆಮೇಲೆ ಕಾಫಿ ಕೊಟ್ಟು ಕಳಿಸುತ್ತಿದ್ದ ಅತ್ತೆ ಲೋಟ ಹಿಡಿದು ನಿಂತೇ ಇದ್ದರು.

"ಎಲ್ಲಾ ಚೆನ್ನಾಗಿದೆ ಕಣೇ. ಆದರೆ ಬೈಬೇಕು ಅನ್ನಿಸಿದರೆ ಯಾರನ್ನ ಬೈಯೋದು?"

"ನಾನಿದ್ದೀನಲ್ಲ ಅತ್ತೆ" ಅಂದೆ.

ಬೀದಿಯ ಮರ

ಅಡಿಲೇಡಿನಲ್ಲಿರುವ ನಾದಿನಿ ಬಸುರಿ. ಅವಳಿಗೆ ಅಮ್ಮನ ಕೈಯ ಅಕ್ಕಿ ಸಂಡಿಗೆಯ ಬಯಕೆ. ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತೆ ಅಂತ ಅತ್ತೆಗೆ ದಿಗಿಲು. ಸಂಡಿಗೆಗೆ ಬಿಸಿಲು ಬೇಕು, ಬಾಲ್ಕನಿಗೆ ಕೌನ್ಸಿಲಿನ ಮರ ಅಡ್ಡ. ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲೇ ಕೌನ್ಸಿಲಿಗೆ ಫೋನ್ ಮಾಡಿದೆ.

"ಮರದಿಂದ ಏನು ತೊಂದರೆ?" ಅಂದಳು ಆ ಕಡೆಯ ಹೆಂಗಸು.

"ನೆರಳು."

"ನೆರಳು ಬೇಕು ಅಂತ ಎಲ್ಲರೂ ಫೋನ್ ಮಾಡ್ತಾರೆ. ನಿಮಗೆ ಬೇಡವಾ?"

ಸಂಡಿಗೆಯ ಪುರಾಣ ಪೂರ್ತಿ ಹೇಳಿದೆ. ಕೊಂಬೆ ಕಡಿಯಲು ಆಗಲ್ಲ ಅಂತ ಒಂದೇ ಸಲ ಹೇಳಿದಳು. ಹಿಟ್ಟಿಗೆ ಜೀರಿಗೆ ಎಷ್ಟು ಅಂತ ಮೂರು ಸಲ ಕೇಳಿದಳು.

ಮಂಚ

ಇಲ್ಲಿ ವರ್ಷಕ್ಕೊಮ್ಮೆ ಬೇಡದ ಸಾಮಾನೆಲ್ಲ ಬೀದಿಗಿಟ್ಟರೆ ಕೌನ್ಸಿಲ್ ಲಾರಿ ಹೊತ್ತೊಯ್ಯುತ್ತದೆ. ಎದುರು ಮನೆಯವರು ಹಳೇ ಮಂಚ ಇಟ್ಟಿದ್ದರು. ಅದರ ಮೇಲೆ ಧಗಧಗ ಬಿಸಿಲು. ಲಾರಿಯ ವಿಷಯ ಅತ್ತೆಗೆ ಹೇಳುವುದು ನನಗೆ ಮರೆತೇಹೋಗಿತ್ತು.

"ಅಮ್ಮಾ, ಅಜ್ಜಿ ಈಸ್ ಫೈಟಿಂಗ್ ಎ ಟ್ರಕ್" ಅಂತ ಮಗಳು ಕಿಟಕಿಯಿಂದ ವರದಿ ಕೊಟ್ಟಳು.

ಓಡಿದೆ. ಮಂಚದ ಮೇಲೆ ಹಳೇ ಸೀರೆ, ಸೀರೆಯ ಮೇಲೆ ಅರ್ಧ ಒಣಗಿದ ಸಂಡಿಗೆ, ಅಂಚಿನಲ್ಲಿ ಕಾಲು ಚಾಚಿ ಕೂತ ಅತ್ತೆ. ಎದುರಿಗೆ ಹಳದಿ ಅಂಗಿಯ ಇಬ್ಬರು ಲಾರಿಯವರು ಕೈಕಟ್ಟಿ ನಿಂತಿದ್ದರು.

"ನನ್ನ ಮಗಳ ಬಯಕೆ ಇದು. ಮುಟ್ಟಿದರೆ ನೋಡು" ಅಂತ ಅತ್ತೆ ಕನ್ನಡದಲ್ಲೇ ಗದರುತ್ತಿದ್ದರು.

ಅವರಿಗೆ ವಿಷಯ ತಿಳಿಸಿದೆ. ಪಾಪ, ಇಬ್ಬರೂ ಸೀರೆಯ ತುದಿಗಳನ್ನು ಬಿಗಿಯಾಗಿ ಹಿಡಿದು, ದೇವರ ಪಲ್ಲಕ್ಕಿಯ ಹಾಗೆ ರಸ್ತೆ ದಾಟಿಸಿ, ನಮ್ಮ ಗೇಟಿನ ಬಳಿ ಬಿಸಿಲಿರುವ ಜಾಗ ಹುಡುಕಿ ಹಾಸಿದರು. ಒಂದೂ ಮುರಿಯಲಿಲ್ಲ. ಆ ಸಂಡಿಗೆ ಆಮೇಲೆ ಅಡಿಲೇಡಿಗೆ ತಲುಪಿತು, ನಾದಿನಿ ಎಣ್ಣೆ ಆರುವ ಮೊದಲೇ ಮುಗಿಸಿದಳಂತೆ.

ಆದರೆ ಅವತ್ತು ನಾವು ತಿರುಗಿ ನೋಡಿದರೆ ಅತ್ತೆ ಇನ್ನೂ ಮಂಚದ ಮೇಲೇ ಇದ್ದಾರೆ. ಅಂತೂ ಕೌನ್ಸಿಲ್‌ನೋರು ಕಣ್ಣಿಗೆ ಬಿದ್ದ ಖುಷಿ, ಏಳುವ ಲಕ್ಷಣವೇ ಇಲ್ಲ. "ಗಟ್ಟಿ ಮರ ಕಣೇ, ಒಳಗೆ ಹಾಕಿಸು" ಅನ್ನುತ್ತಿದ್ದಾರೆ.

ಹಳದಿ ಅಂಗಿಯವರಲ್ಲಿ ಒಬ್ಬ ಟೋಪಿ ತೆಗೆದು, ತುಂಬಾ ಮರ್ಯಾದೆಯಿಂದ ನನ್ನನ್ನು ಕೇಳಿದ: "ಮಂಚ ತಗೊಂಡು ಹೋಗ್ತೀವಿ. ಅವರನ್ನ ಏನು ಮಾಡೋಣ?"

"ಏನಂತೆ ಅವನದು?" ಅಂದರು ಅತ್ತೆ.

ನೀವಾಗಿದ್ದರೆ ಇಬ್ಬರಿಗೂ ಏನು ಹೇಳುತ್ತಿದ್ದಿರಿ?