ದಿನಕ್ಕೆ ನಾಲ್ಕು ಮೈಲಿ

ಬೇರೆಯವರಿಗೆ ‘ನಡೆಯಿರಿ’ ಎಂದು ಹೇಳುವಷ್ಟು ಸುಖವಾದ ಕೆಲಸ ಇನ್ನೊಂದಿಲ್ಲ. ಅದನ್ನು ಕುಳಿತಲ್ಲೇ ಹೇಳಬಹುದು. ಅಮೆರಿಕದ ರಾಲಿಗೆ ಬಂದು ಹೃದಯದ ಡಾಕ್ಟರೆಂದು ಬೋರ್ಡು ಹಾಕಿಕೊಂಡ ಮೇಲೆ, ತಿರುಗುವ ಕುರ್ಚಿಯಲ್ಲಿ ಕೂತು ನಾನು ಎಷ್ಟು ಜನರನ್ನು ನಡೆಸಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಮನೆಯ ಗ್ಯಾರೇಜಿನಲ್ಲಿ ಕಾರು ಹತ್ತಿ ಕ್ಲಿನಿಕ್ಕಿನ ಬಾಗಿಲಲ್ಲಿ ಇಳಿಯುವವನು. ಬಾಗಿಲ ಪಕ್ಕದ ಜಾಗವೇ ಬೇಕೆಂದು ಪಾರ್ಕಿಂಗ್ ಲಾಟಿನಲ್ಲಿ ಮೂರು ಸುತ್ತು ಹಾಕುತ್ತೇನೆ. ದಿನದ ವ್ಯಾಯಾಮ ಅಂತ ಇದ್ದರೆ ಅದೇ, ಅದನ್ನೂ ನನ್ನ ಪರವಾಗಿ ಕಾರೇ ಮಾಡುತ್ತದೆ. ಮೈಸೂರಿನಲ್ಲಿ ಓದುವಾಗಲೂ ಹೀಗೇ ಇದ್ದೆ. ಗೆಳೆಯರೆಲ್ಲ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟ ಏರಿದರೆ ನಾನು ಬಸ್ಸಿನಲ್ಲಿ ಹೋಗಿ, ದರ್ಶನ ಮುಗಿಸಿ, ಅವರು ಏದುಸಿರು ಬಿಡುತ್ತಾ ಬರುವುದನ್ನು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದೆ. ನನ್ನ ಹೆಂಡತಿ ವಿಮಲಾ ಆ ಮೆಟ್ಟಿಲು ಹತ್ತುವ ಜಾತಿಯವಳು. ಕಾಲೇಜಿನ ದಿನಗಳಲ್ಲಿ ಶುಕ್ರವಾರ ತಪ್ಪಿಸುತ್ತಿರಲಿಲ್ಲವಂತೆ. ಮದುವೆಗೆ ಮುಂಚೆ ಈ ವಿಷಯ ಪರಸ್ಪರ ಗೊತ್ತಿದ್ದರೆ ಇಬ್ಬರೂ ಇನ್ನೊಮ್ಮೆ ಯೋಚನೆ ಮಾಡುತ್ತಿದ್ದೆವೋ ಏನೋ.

ನನ್ನ ರೋಗಿಗಳಲ್ಲಿ ವಿಗ್ಗಿನ್ಸ್ ಎಂಬ ಮಹಾಶಯರೊಬ್ಬರಿದ್ದರು. ಹೊಗೆಸೊಪ್ಪಿನ ಹರಾಜು ಕೂಗುವುದು ಅವರ ಕಸುಬು. ನಾರ್ತ್ ಕೆರೊಲೈನಾದಲ್ಲಿ ಅದು ದೊಡ್ಡ ವಿದ್ಯೆ. ಸುಗ್ಗಿಯ ಕಾಲದಲ್ಲಿ ಗೋದಾಮಿನ ತುಂಬ ಹೊಗೆಸೊಪ್ಪಿನ ರಾಶಿಗಳು. ಅವುಗಳ ನಡುವೆ ಬಿರಬಿರನೆ ನಡೆಯುತ್ತಾ, ಒಂದೇ ಉಸಿರಿನಲ್ಲಿ ಬೆಲೆಗಳನ್ನು ಹಾಡಿನ ಹಾಗೆ ಉದುರಿಸಬೇಕು. ನಮ್ಮ ಪುರೋಹಿತರು ಊಟದ ಹೊತ್ತು ಮೀರಿದಾಗ ಮಂತ್ರ ಹೇಳುವ ವೇಗವನ್ನು ನೆನೆಸಿಕೊಂಡರೆ ಸ್ವಲ್ಪ ಅಂದಾಜು ಸಿಗುತ್ತದೆ. ಇಂಥ ಮನುಷ್ಯನಿಗೆ ಹಾರ್ಟ್ ಅಟ್ಯಾಕ್ ಆಯಿತು. ಜೀವ ಉಳಿಯಿತು, ಉಸಿರು ಹೋಯಿತು. ಎರಡು ರಾಶಿ ಕೂಗುವಷ್ಟರಲ್ಲಿ ಕೆಮ್ಮು. “ನನ್ನ ಉಸಿರೇ ನನ್ನ ಅನ್ನ, ಡಾಕ್” ಎಂದು ನನ್ನೆದುರು ಕೂತು ಹೇಳಿದರು. ಅಂಗಿಯ ಜೇಬಿನಲ್ಲಿ ಸಿಗರೇಟಿನ ಪ್ಯಾಕು ಇತ್ತು.

ಸಿಗರೇಟು ಬಿಡಿ, ದಿನಾ ನಡೆಯಿರಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಮೇಲೂ ಕೆಳಗೂ ಹೇಗೋ ನಡೆಯುತ್ತದೆ. ನನ್ನ ತೊಂದರೆ ಇರುವುದು ನಡುವೆ. “ನೀವು ನಡೀತೀರಾ ಡಾಕ್?” ಎಂದು ಕೇಳಿದರು. ಇಲ್ಲ ಎಂದರೆ ಮನುಷ್ಯ ಹೊರಗೆ ಹೋಗಿ ಸಿಗರೇಟು ಹಚ್ಚುವುದು ಖಂಡಿತ ಅನಿಸಿತು. “ದಿನಾ ನಾಲ್ಕು ಮೈಲಿ” ಎಂದುಬಿಟ್ಟೆ. ಅಷ್ಟಕ್ಕೇ ಬಿಡಬಹುದಿತ್ತು. ಸುಳ್ಳಿಗೆ ಸಾಕ್ಷಿ ಇರಬಾರದಲ್ಲ, ಅದಕ್ಕೆ “ಬೆಳಗ್ಗೆ, ಸೂರ್ಯ ಹುಟ್ಟೋಕೆ ಮುಂಚೆ” ಎಂದೂ ಸೇರಿಸಿದೆ. ವಿಗ್ಗಿನ್ಸ್ ಗಂಭೀರವಾಗಿ ತಲೆಯಾಡಿಸಿದರು. ಆಶ್ಚರ್ಯವೆಂದರೆ ಅವರು ನಿಜಕ್ಕೂ ಸಿಗರೇಟು ಬಿಟ್ಟು ನಡೆಯಲು ಶುರುಮಾಡಿದರು. ಹಳೆಯ ಚಟದ ಮೇಲೆ ಕಣ್ಣಿಡುವುದಕ್ಕೆಂದು ಒಡೆಯದ ಒಂದು ಪ್ಯಾಕನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಪ್ರತಿ ಸಲ ಬಂದಾಗಲೂ ಅದನ್ನು ತೆಗೆದು ತೋರಿಸಿ “ಇನ್ನೂ ಭದ್ರ” ಎನ್ನುತ್ತಿದ್ದರು. ವರ್ಷ ಕಳೆಯಿತು. ತೂಕ ಇಳಿಯಿತು, ರಕ್ತದೊತ್ತಡ ಇಳಿಯಿತು, ಮುಖಕ್ಕೆ ಬಣ್ಣ ಬಂತು. ಒಂದು ದಿನ ಕ್ಯಾರಿಬಿಯನ್ ಕಡೆಯ ಒಂದು ಪುಟ್ಟ ದ್ವೀಪದ ಬಣ್ಣದ ಬ್ರೋಷರ್ ತಂದು ನನ್ನ ಮೇಜಿನ ಮೇಲಿಟ್ಟು, “ಇಲ್ಲೊಂದು ಬೆಟ್ಟ ಇದೆ, ಡಾಕ್. ಅದನ್ನ ಹತ್ತೋ ದಿನಕ್ಕೆ ಕಾಯ್ತಿದೀನಿ” ಎಂದರು. ನಾನು “ಒಳ್ಳೇದು, ಒಳ್ಳೇದು” ಎಂದೆ.

ಆ ಬ್ರೋಷರ್ ನನ್ನ ಬ್ಯಾಗಿನಲ್ಲಿ ಮನೆಗೆ ಬಂತು. ಅದರಲ್ಲಿ ಬೆಟ್ಟದ ಪುಟವೂ ಇತ್ತು, ಸಮುದ್ರದ ಪುಟವೂ ಇತ್ತು. ನಾನು ನೋಡಿದ್ದು ಸಮುದ್ರದ ಪುಟ; ಅಲ್ಲಿ ಎರಡು ತೆಂಗಿನ ಮರದ ನಡುವೆ ಒಂದು ಬಲೆಯ ತೊಟ್ಟಿಲು, ಅದರಲ್ಲಿ ನನ್ನಷ್ಟೇ ದಪ್ಪ ಇರುವ ಒಬ್ಬ ಮನುಷ್ಯ ಮಲಗಿದ್ದ. ನನ್ನ ಆದರ್ಶವೇ ಕಣ್ಣೆದುರು ಬಂದಂತಾಯಿತು. ಈಸ್ಟರ್ ರಜೆಗೆ ಟಿಕೆಟ್ ಮಾಡಿಸಿದೆ. ಬ್ರೋಷರ್ ಎಲ್ಲಿಂದ ಬಂತು ಎಂಬುದನ್ನು ಮರೆತೇಬಿಟ್ಟಿದ್ದೆ.

ಪ್ರಯಾಣಕ್ಕೆ ನಾನು ಸೂಟು, ಕರಿ ಬೂಟು ಹಾಕಿದೆ. ವಿಮಾನ ಹತ್ತುವುದೆಂದರೆ ನಮ್ಮ ಪೀಳಿಗೆಗೆ ಮದುವೆಗೆ ಹೋದಂತೆ. ವಿಮಲಾ ಪುಳಿಯೋಗರೆ ಗೊಜ್ಜಿನ ಬಾಟಲಿ, ಚಕ್ಕುಲಿ ಡಬ್ಬ, ತನಗೊಂದು ಜೊತೆ ಕ್ಯಾನ್ವಾಸ್ ಶೂಸ್ ತೆಗೆದುಕೊಂಡಳು. “ಅಲ್ಲಿ ಮಲಗೋಕೆ ಶೂಸ್ ಯಾಕೆ?” ಎಂದೆ. “ಮಲಗೋರು ನೀವು” ಎಂದಳು. ರಾಲಿಯಿಂದ ಅಟ್ಲಾಂಟಾ, ಅಲ್ಲಿಂದ ಮಯಾಮಿ, ಅಲ್ಲಿಂದ ಮಿಕ್ಸಿಯಂತೆ ಸದ್ದು ಮಾಡುವ ಒಂದು ಪುಟ್ಟ ವಿಮಾನ. ಕೆಳಗೆ ದ್ವೀಪ ಕಂಡಾಗ ಮಾತ್ರ ನಾನು ಗೊಣಗುವುದನ್ನು ನಿಲ್ಲಿಸಿದೆ. ಅಷ್ಟು ಹಸಿರನ್ನು ಅಷ್ಟು ನೀಲಿಯ ನಡುವೆ ಯಾರು ತಂದಿಟ್ಟರೋ. ನಡುವೆ ಒಂದು ಬೆಟ್ಟ, ತಲೆಯ ಮೇಲೆ ಮೋಡ ಕಟ್ಟಿಕೊಂಡು ಕೂತಿತ್ತು. ಅದನ್ನು ದೂರದಿಂದಲೇ ಮೆಚ್ಚಿಕೊಂಡೆ.

ಮೊದಲ ದಿನ ಸ್ವರ್ಗಸುಖ. ಹತ್ತು ವರ್ಷದ ಮಗಳು ಆಶಾ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು ನೀರಲ್ಲಿ ಮುಳುಗಿ, ಎದ್ದು, “ಅಪ್ಪಾ, ಫಿಶ್ ನೋಡು, ಯೆಲ್ಲೋ ಇದೆ!” ಎಂದು ಕೂಗುತ್ತಿದ್ದಳು. ನಾನು ತೊಟ್ಟಿಲಿನಿಂದಲೇ ಮೀನಿಗೆ ಕೈ ಬೀಸುತ್ತಿದ್ದೆ. ಮಾರನೆಯ ಬೆಳಗ್ಗೆ ವಸತಿಗೃಹದ ಜಗಲಿಯಲ್ಲಿ ಮೂವರೂ ಕಾಫಿ ಕುಡಿಯುತ್ತಿದ್ದಾಗ ಬೆನ್ನ ಹಿಂದಿನಿಂದ “ಡಾಕ್!” ಎಂಬ ದನಿ ಕೇಳಿಸಿತು. ಹರಾಜಿನ ದನಿ, ಮರೆಯಲು ಸಾಧ್ಯವಿಲ್ಲ. ವಿಗ್ಗಿನ್ಸ್, ಕೈಯಲ್ಲಿ ಊರುಗೋಲು, ಜೇಬಿನಲ್ಲಿ ಅದೇ ಪ್ಯಾಕು. “ನಂಗೊತ್ತಿತ್ತು, ನೀವೂ ಆ ಬೆಟ್ಟಕ್ಕೆ ಮನಸೋಲ್ತೀರಿ ಅಂತ” ಎಂದರು. ಆಮೇಲೆ ವಿಮಲಾಳ ಕಡೆ ತಿರುಗಿ, ಟೊಪ್ಪಿಗೆ ತೆಗೆದು, “ದಿನಾ ನಾಲ್ಕು ಮೈಲಿ ನಡಿಯೋ ಗಂಡನ ಜೊತೆ ಹೇಗೆ ಬಾಳ್ವೆ ಮಾಡ್ತೀರಮ್ಮ? ಸೂರ್ಯ ಹುಟ್ಟೋಕೆ ಮುಂಚೆ ಎದ್ದು ಹೋಗ್ತಾರಂತಲ್ಲ” ಎಂದರು.

ಆ ಕ್ಷಣದಲ್ಲಿ ನನ್ನ ಇಸಿಜಿ ತೆಗೆದಿದ್ದರೆ ನನ್ನನ್ನೇ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದೆ. ವಿಮಲಾ ನನ್ನ ಮುಖ ನೋಡಿದಳು, ವಿಗ್ಗಿನ್ಸ್ ಮುಖ ನೋಡಿದಳು, ಜೇಬಿನ ಪ್ಯಾಕನ್ನೂ ನೋಡಿದಳು. ಅಷ್ಟರಲ್ಲಿ ಆಶಾ, “ಬಟ್ ಅಪ್ಪ ಡಸಂಟ್ ಈವನ್...” ಎಂದು ಬಾಯಿ ತೆರೆದಳು. ವಿಮಲಾ ಆ ಬಾಯಿಗೆ ಒಂದು ಇಡೀ ಚಕ್ಕುಲಿ ತುರುಕಿ, ನಗುತ್ತಾ, “ಹೌದು, ಅಭ್ಯಾಸ ಆಗೋಗಿದೆ. ಇವತ್ತು ಬೆಟ್ಟಕ್ಕೂ ಬರ್ತಾರೆ” ಎಂದುಬಿಟ್ಟಳು. ನಾನು ಕೊನೆಯ ಅಸ್ತ್ರ ಪ್ರಯೋಗಿಸಿದೆ: ನಿಮ್ಮ ಹೃದಯಕ್ಕೆ ಬೆಟ್ಟ ಹತ್ತುವುದು ಭಾರವಾದೀತು ವಿಗ್ಗಿನ್ಸ್, ಎಂದೆ. “ಹೋದ ತಿಂಗಳು ಟ್ರೆಡ್‌ಮಿಲ್ ಮೇಲೆ ಓಡಿಸಿ, ಏನು ಬೇಕಾದ್ರೂ ಹತ್ತಬಹುದು ಅಂದವರು ನೀವೇ ಅಲ್ವಾ?” ಎಂದರು. ನಾನೇ.

ಕೋಣೆಯಲ್ಲಿ ಬೂಟು ಕಟ್ಟಿಕೊಳ್ಳುವಾಗ ವಿಮಲಾ, “ನಾಲ್ಕು ಮೈಲಿ ದಿನಾ ಎಲ್ಲಿಗೆ ಹೋಗ್ತಿದ್ರಿ? ಫ್ರಿಜ್ಜಿಗಾ?” ಎಂದು ಕೇಳಿದಳು. ನಾನು ಪ್ಯಾಕಿನ ಕಥೆಯನ್ನೆಲ್ಲ ಹೇಳಿದ ಮೇಲೆ ದನಿ ತಗ್ಗಿಸಿ, “ನಿಮ್ಮನ್ನ ನಂಬ್ಕೊಂಡು ಸಿಗರೇಟ್ ಬಿಟ್ಟಿದಾರೆ ಪಾಪ. ಅರ್ಧದಲ್ಲಿ ಕೂತ್ಬಿಟ್ರೆ ಅಲ್ಲೇ ಪ್ಯಾಕ್ ಒಡೀತಾರೆ. ಏನಾದ್ರೂ ಆಗ್ಲಿ, ಹತ್ತಿ” ಎಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ನನ್ನ ಮೇಲೆ ಇಟ್ಟ ಅತಿ ದೊಡ್ಡ ಭಾರ ಅದು.

ದಾರಿ ತೋರಿಸಲು ಬಂದವಳು ಆಲ್ಮಾ ಎಂಬ ಗಟ್ಟಿಮುಟ್ಟಾದ ಹೆಂಗಸು. ಕೈಯಲ್ಲಿ ಕೊಡೆ ಹಿಡಿದು, ಚರ್ಚಿನ ಹಾಡು ಹೇಳಿಕೊಳ್ಳುತ್ತಾ ತರಕಾರಿ ತರಲು ಹೋಗುವವಳ ಹಾಗೆ ಮುಂದೆ ಹೊರಟಳು. ಹಿಂದೆ ಆಶಾ, ಸೀರೆಯನ್ನು ಎತ್ತಿ ಕಟ್ಟಿದ ವಿಮಲಾ, ವಿಗ್ಗಿನ್ಸ್, ಎಲ್ಲರ ಹಿಂದೆ ಕರಿ ಬೂಟಿನ ನಾನು. ಮೊದಲ ಏರಿನಲ್ಲೇ ನನಗೆ ಕಣ್ಣು ಕತ್ತಲೆ ಬಂತು. ಸರಿಯಾಗಿ ಆಗಲೇ ವಿಮಲಾ ನಿಂತು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, ತನಗೆ ಕಾಲು ನೋಯುತ್ತಿದೆ, ಒಂದು ನಿಮಿಷ ಕೂರೋಣವೇ ಎಂದಳು. ಚಾಮುಂಡಿ ಬೆಟ್ಟದ ಕಾಲು, ನೋವು ಎಲ್ಲಿಂದ ಬರಬೇಕು? “ಧಾರಾಳವಾಗಿ ಕೂತ್ಕೊಳ್ಳಮ್ಮ, ಡಾಕ್ಟರ ಕಾಲು ಎಲ್ರಿಗೂ ಇರಲ್ಲ” ಎಂದರು ವಿಗ್ಗಿನ್ಸ್. ನಾನು ಉದಾರವಾಗಿ, “ಪರವಾಗಿಲ್ಲ, ಸುಧಾರಿಸ್ಕೋ” ಎಂದೆ. ಅವಳು ಕನ್ನಡದಲ್ಲಿ, “ಬಾಯಿ ಮುಚ್ಕೊಂಡು ಉಸಿರು ಬಿಡಿ, ಕೇಳಿಸ್ತಿದೆ” ಎಂದಳು. ಹೀಗೆ ಪ್ರತಿ ತಿರುವಿನಲ್ಲೂ ಅವಳಿಗೆ ಕಾಲು ನೋಯಿತು. ಅವಳಿಗೆ ನೋಯದಿದ್ದ ಕಡೆ, ನನ್ನ ಪುಣ್ಯಕ್ಕೆ, ವಿಗ್ಗಿನ್ಸರ ಶೂ ಲೇಸು ಬಿಚ್ಚಿಕೊಳ್ಳುತ್ತಿತ್ತು. ಅವರು ಬಗ್ಗಿ ನಿಧಾನವಾಗಿ ಕಟ್ಟಿಕೊಳ್ಳುವಾಗ ನಾನು ಮರ ತಬ್ಬಿಕೊಂಡು ಪ್ರಕೃತಿಪ್ರೇಮ ಪ್ರದರ್ಶಿಸುತ್ತಿದ್ದೆ.

ತಬ್ಬಿಕೊಳ್ಳುತ್ತಾ ತಬ್ಬಿಕೊಳ್ಳುತ್ತಾ ನಿಜವಾದ ಪ್ರೇಮವೂ ಹುಟ್ಟಿತು ಎನ್ನಬೇಕು. ಅಂಥ ಕಾಡನ್ನು ನಾನು ಕಂಡಿರಲಿಲ್ಲ. ಮರದಷ್ಟೆತ್ತರ ಬೆಳೆದ ಜರಿಗಿಡಗಳು, ಅವುಗಳ ನಡುವೆ ಹಸಿರಾಗಿಯೇ ಇಳಿಯುವ ಬಿಸಿಲು. ಎಲ್ಲೋ ಜಾಯಿಕಾಯಿಯ ವಾಸನೆ. ನನ್ನ ಹೆಬ್ಬೆರಳಿನಷ್ಟಿದ್ದ ಒಂದು ಹಮ್ಮಿಂಗ್‌ಬರ್ಡ್ ವಿಮಲಾಳ ಕೆಂಪು ಸೆರಗಿನ ಮುಂದೆ ಬಂದು, ಗಾಳಿಯಲ್ಲಿ ನಿಂತು, ಇದು ಹೂವಲ್ಲ ಎಂದು ಖಾತ್ರಿ ಮಾಡಿಕೊಂಡು ಹೋಯಿತು. ಅದರ ಹೃದಯ ನಿಮಿಷಕ್ಕೆ ಸಾವಿರದವರೆಗೂ ಬಡಿಯುತ್ತದಂತೆ; ಆ ಹೊತ್ತಿಗೆ ನನ್ನದೂ ಹೆಚ್ಚೂಕಡಿಮೆ ಅಲ್ಲಿಗೇ ಬಂದಿತ್ತು. ಆದರೂ ನಾನು ನಕ್ಕೆ. ಬೂಟಿನೊಳಗೆ ಕೆಸರು ನುಗ್ಗಿ ಪಿಚಕ್ ಪಿಚಕ್ ಎನ್ನುತ್ತಿದ್ದರೂ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದು ಯಾಕೆ?

ಮಧ್ಯಾಹ್ನದ ಹೊತ್ತಿಗೆ ತುದಿ ತಲುಪಿದೆವು. ಹಿಂದೆ ಯಾವ ಕಾಲದಲ್ಲೋ ಬೆಂಕಿ ಕಾರಿದ್ದ ಬೆಟ್ಟವಂತೆ. ಈಗ ಅದರ ಬಾಯಲ್ಲಿ ಒಂದು ಕೆರೆ, ಅದರ ಮೇಲೆ ಮಂಜು. ನಾವು ಪುಳಿಯೋಗರೆ ಬಿಚ್ಚುವಷ್ಟರಲ್ಲಿ ಮಂಜು ಸರಿದು, ಒಂದು ಕಡೆ ಶಾಂತವಾದ ನೀಲಿ ಸಮುದ್ರ, ಇನ್ನೊಂದು ಕಡೆ ನೊರೆಯೆಬ್ಬಿಸುವ ಅಟ್ಲಾಂಟಿಕ್, ಎರಡೂ ಕಂಡವು. ವಿಗ್ಗಿನ್ಸ್ ಎದ್ದು ಕೆರೆಯಂಚಿಗೆ ಹೋದರು. ಕೈ ಅಂಗಿಯ ಜೇಬಿಗೆ ಹೋಯಿತು, ಪ್ಯಾಕು ಹೊರಗೆ ಬಂತು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಅದನ್ನು ಒಮ್ಮೆ ನೋಡಿ, ಮತ್ತೆ ಜೇಬಿಗೆ ಹಾಕಿ, ಎದೆ ತುಂಬ ಉಸಿರೆಳೆದುಕೊಂಡು ಹರಾಜು ಕೂಗಲು ಶುರುಮಾಡಿದರು.

ಆ ಕೆರೆಯನ್ನೇ ಹರಾಜಿಗಿಟ್ಟರು. ಕೆರೆ, ಮಂಜು, ಎರಡೂ ಸಮುದ್ರ, ಮೇಲಿನ ಮೋಡ. ಒಂದೇ ಉಸಿರು, ತಡೆಯಿಲ್ಲ, ಕೆಮ್ಮಿಲ್ಲ. ದನಿ ಸುತ್ತಲಿನ ಬಂಡೆಗೆ ಬಡಿದು ವಾಪಸು ಬಂದು, ಎರಡು ಮೂರು ವಿಗ್ಗಿನ್ಸ್ ಸೇರಿ ಕೂಗಿದಂತಿತ್ತು. ಆಲ್ಮಾ ಹಾಡು ನಿಲ್ಲಿಸಿ ಬಾಯಿ ತೆರೆದು ನೋಡಿದಳು. ಆಶಾ ಕೈಯೆತ್ತಿ, “ಟೂ ಚಕ್ಕುಲೀಸ್!” ಎಂದಳು. “ಕೊಟ್ಟೆ” ಎಂದು ಅವಳಿಗೇ ಕೆರೆ ಕೊಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ವೈದ್ಯವೃತ್ತಿಯಲ್ಲಿ ಹೃದಯದ ಸದ್ದನ್ನು ಸ್ಟೆತಸ್ಕೋಪಿಲ್ಲದೆ ಕೇಳಿದ್ದು ಅದೊಂದೇ ಸಲ. ವಿಗ್ಗಿನ್ಸ್ ನನ್ನ ಪಕ್ಕ ಬಂದು ಕೂತು, ಚಕ್ಕುಲಿ ಮುರಿಯುತ್ತಾ, “ನೀವು ನಡೀತಾ ಇರೋವರೆಗೂ ಈ ಪ್ಯಾಕು ಒಡೆಯಲ್ಲ, ಡಾಕ್” ಎಂದರು.

ಆ ಮಾತು ನನ್ನನ್ನು ರಾಲಿಯವರೆಗೆ ಬೆನ್ನಟ್ಟಿಕೊಂಡು ಬಂತು. ಬಂದ ಮರುದಿನದಿಂದಲೇ ವಿಮಲಾ ಸೂರ್ಯ ಹುಟ್ಟುವ ಮುಂಚೆ ಕಂಬಳಿ ಎಳೆಯತೊಡಗಿದಳು. ಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ಚರ್ಚಿನವರೆಗೆ, ಬೇಸಿಗೆ ಮುಗಿಯುವಷ್ಟರಲ್ಲಿ ಎರಡು ಮೈಲಿ. ಅವಳ ಕಾಲು ಮತ್ತೆ ಯಾವತ್ತೂ ನೋಯಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ ವಿಗ್ಗಿನ್ಸ್ ಮತ್ತೆ ಹರಾಜಿಗೆ ನಿಂತರು. ಅದು ಮುಗಿದ ಮೇಲೆ ಕ್ಲಿನಿಕ್ಕಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಮನುಷ್ಯ ಗಟ್ಟಿಯಾಗಿದ್ದಾನೆ, ಇನ್ನು ನಿಜ ಹೇಳಬಹುದು ಎಂದುಕೊಂಡು, ನಾಲ್ಕು ಮೈಲಿಯ ವಿಷಯ ಒಂದು ಮಾತು, ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ಮೊದಲ ದಿನವೇ ನಿಮ್ಮ ಬೂಟು ನೋಡಿದ್ದೆ, ಡಾಕ್. ಅಡಿ ಸವೆದೇ ಇರಲಿಲ್ಲ. ಇಷ್ಟು ಮರ್ಯಾದಸ್ಥ ಮನುಷ್ಯ ನನ್ನೆದುರು ಕೂತು ಇಷ್ಟು ದೊಡ್ಡ ಸುಳ್ಳು ಹೇಳ್ಬೇಕಾದ್ರೆ, ನನ್ನ ಸ್ಥಿತಿ ಎಷ್ಟು ಕೆಟ್ಟಿರಬೇಕು ಅಂತ ಭಯ ಆಯ್ತು. ಅವತ್ತೇ ನಡೆಯೋಕೆ ಶುರುಮಾಡಿದೆ.”

ನಾನು ಮೇಜಿನ ಕೆಳಗೆ ಬಗ್ಗಿ ನನ್ನ ಬೂಟು ನೋಡಿಕೊಂಡೆ. ಅವರು ಬಾಗಿಲವರೆಗೆ ಹೋಗಿ ತಿರುಗಿ, “ಅಂದಹಾಗೆ, ಒಂದು ಬೆಟ್ಟಕ್ಕೆ ಎಷ್ಟು ಸಲ ಶೂ ಲೇಸು ಬಿಚ್ಕೊಳ್ಳತ್ತೆ ಅಂದ್ಕೊಂಡಿದ್ರಿ?” ಎಂದು ಕೇಳಿ, ಜೇಬಿನ ಪ್ಯಾಕನ್ನು ತಟ್ಟಿಕೊಂಡು ಹೊರಟುಹೋದರು.

ಅಂದಿನಿಂದ ನಾನು ರೋಗಿಗಳಿಗೆ ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ನೀವು ನಡೆಯುತ್ತೀರಾ ಎಂದು ಯಾರಾದರೂ ಕೇಳಿದರೆ, ದಿನಾ ಎರಡು ಮೈಲಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವರು ನನ್ನ ಹೊಟ್ಟೆಯನ್ನು ನೋಡುತ್ತಾರೆ. ಅದೊಂದು ಮಾತ್ರ ಬೆಟ್ಟಕ್ಕೂ ಬಗ್ಗಿಲ್ಲ. ಒಬ್ಬರೂ ನನ್ನ ಮಾತು ನಂಬುವುದಿಲ್ಲ. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗಿ, ಮಾರನೆಯ ದಿನದಿಂದ ನಡೆಯಲು ಶುರುಮಾಡುತ್ತಾರೆ.